ಒಳ್ಳೆ ಲಾಟ್‌ನಲ್ಲೇ ಕೆಟ್ಟ ಬೀಜ ಜಾಸ್ತಿ ತಪ್ಪಿಸಿಕೊಳ್ಳುವುದು ಯಾಕೆ?

ಮೂಡಿಗೆರೆ_ಅರೇಬಿಕಾ:
ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಒಳ್ಳೆ ಅರೇಬಿಕಾ ಒಂದಿಷ್ಟನ್ನು ಬೆಂಗಳೂರಿನಲ್ಲಿ ಕಾಫಿ ಹುರಿಯುವ ರೋಸ್ಟರ್‌ಗಳಿಗೆ ನೇರವಾಗಿ ಕೊಡುತ್ತೇವೆ. ಹಲ್ಲಿಂಗ್ ಆಗಿ, ಅಂದರೆ ಒಣ ಸಿಪ್ಪೆ ಬಿಡಿಸಿ ಬಂದ ಬೀಜವನ್ನು ಮೇಜಿನ ಮೇಲೆ ಹರಡಿ ಹೆಂಗಸರು ಕೈಯಲ್ಲೇ ಆರಿಸುತ್ತಾರೆ. ಕರಿ, ಕಂದು, ಚೂರು, ಬೋರರ್ ಹುಳು ಕೊರೆದು ತೂತು ಬಿದ್ದದ್ದು ಎಲ್ಲವೂ ಬಟ್ಟಲಿಗೆ.

ಆಮೇಲೆ ನಾನು 350 ಗ್ರಾಂ ತೂಗಿ ಮತ್ತೊಮ್ಮೆ ನೋಡುತ್ತೇನೆ. ಸ್ಪೆಷಾಲಿಟಿ (ಮೇಲ್ದರ್ಜೆ ಕಾಫಿ) ಅನ್ನಿಸಿಕೊಳ್ಳಬೇಕಾದರೆ ಅಷ್ಟರಲ್ಲಿ ಪೂರ್ತಿ ಕರಿಯಾದ ಬೀಜ ಒಂದೂ ಇರಬಾರದು ಅಲ್ವಾ. ಇಲ್ಲೇ ನನಗೆ ತಲೆ ಕೆಟ್ಟಿದೆ. ಕೊನೆ ಕೊಯ್ಲಿನ ಲಾಟ್, ನೆಲಕ್ಕೆ ಉದುರಿದ್ದೂ ಸೇರಿರುತ್ತದೆ, ಕೆಟ್ಟದ್ದು ಬೇಕಾದಷ್ಟು. ಅದನ್ನು ಚೊಕ್ಕವಾಗಿ ಆರಿಸುತ್ತಾರೆ. ಹಣ್ಣು ನೋಡಿ ನೋಡಿ ಕೊಯ್ದ ಲಾಟ್‌ನಲ್ಲಿ ಕೆಟ್ಟದ್ದು ಎಲ್ಲೋ ಒಂದೊಂದು, ಅದೇ ಉಳಿದುಬಿಡುತ್ತದೆ. ಬಟ್ಟಲಿಗೆ ಬಿದ್ದದ್ದಕ್ಕೂ ಮೇಜಿನಲ್ಲಿ ಉಳಿದದ್ದಕ್ಕೂ ತಾಳೆ ಹಾಕಿದರೆ ಒಳ್ಳೆ ಲಾಟ್‌ನಲ್ಲೇ ತಪ್ಪಿದ ಪಾಲು ಜಾಸ್ತಿ.

ಮೇಸ್ತ್ರಿ ಕೇಳಿದರೆ "ಬರೀ ಮಾತು ಸಾರ್, ಗಮನ ಇಲ್ಲ" ಎನ್ನುತ್ತಾನೆ. ಆದರೆ ಕೊಳಕು ಲಾಟ್ ಆರಿಸುವಾಗಲೂ ಅವರೇ, ಅದೇ ಮಾತೇ. ಮತ್ತೆ ಯಾಕೆ ಹೀಗೆ?

ಕಣ್ಣುಮಿದುಳು:
ಮೇಸ್ತ್ರಿ ಮಾತು ಬಿಡಿ. ನಿಮ್ಮ ಲೆಕ್ಕ ಸರಿ ಇದೆ, ಇದು ಪ್ರಯೋಗಗಳಲ್ಲೂ ಕಂಡಿರುವ ವಿಷಯ. 2005ರಲ್ಲಿ ಜೆರೆಮಿ ವುಲ್ಫ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಮಾಡಿದ ಪ್ರಯೋಗ 'ನೇಚರ್' ಪತ್ರಿಕೆಯಲ್ಲಿ ಬಂತು. ಗಿಜಿಗಿಜಿ ಚಿತ್ರಗಳಲ್ಲಿ ಒಂದು ವಸ್ತು ಹುಡುಕಬೇಕು. ಅರ್ಧದಷ್ಟು ಚಿತ್ರಗಳಲ್ಲಿ ಅದು ಇದ್ದಾಗ ಜನ ತಪ್ಪಿಸಿದ್ದು ಸುಮಾರು 7%. ನೂರಕ್ಕೆ ಒಂದರಲ್ಲಿ ಮಾತ್ರ ಇದ್ದಾಗ 30%. ವಸ್ತು ಬದಲಾಗಿಲ್ಲ, ಅಪರೂಪ ಆಯಿತು ಅಷ್ಟೇ.

ಕಾರಣ ಹೀಗೆ. ಸಿಕ್ಕಿತು ಅಂದರೆ ಹುಡುಕಾಟ ತಾನೇ ಮುಗಿಯುತ್ತದೆ. "ಇಲ್ಲ" ಅನ್ನುವುದಕ್ಕೆ ಅಂಥ ಗುರುತು ಏನೂ ಇಲ್ಲ. ಎಷ್ಟು ಹೊತ್ತು ನೋಡಿ ಬಿಡಬೇಕು ಅನ್ನುವುದನ್ನು ಮಿದುಳು ಹಿಂದಿನ ಅನುಭವದ ಮೇಲೆ ತೀರ್ಮಾನಿಸುತ್ತದೆ. ಸಾಲಾಗಿ "ಇಲ್ಲ" ಅಂದು ಅದು ಸರಿಯಾಗುತ್ತಾ ಹೋದರೆ ಆ ಹೊತ್ತು ಸದ್ದಿಲ್ಲದೆ ಕುಗ್ಗುತ್ತದೆ. ಜೊತೆಗೆ ಅನುಮಾನದ್ದು ಕಂಡಾಗ "ಇರಲಿ ಬಿಡು" ಅನ್ನುವ ಕಡೆ ವಾಲುತ್ತದೆ. ಇದು ಸೋಮಾರಿತನ ಅಲ್ಲ. ನಿಧಾನ ಮಾಡಿಸಿದರೂ ಪೂರ್ತಿ ಹೋಗುವುದಿಲ್ಲ, ಅದನ್ನೂ ನೋಡಿದ್ದಾರೆ.

ಕೆಲಸ ಮಾಡಿದ ಉಪಾಯ ಒಂದಿದೆ. ನಡುನಡುವೆ ಸ್ವಲ್ಪ ಹೊತ್ತು ಕೆಟ್ಟದ್ದು ಜಾಸ್ತಿ ಇರುವುದನ್ನು ಕೊಟ್ಟು, ಸಿಕ್ಕಿದ್ದೆಷ್ಟು, ತಪ್ಪಿದ್ದೆಷ್ಟು ಅಂತ ಆಗಲೇ ಹೇಳಬೇಕು. ಆಮೇಲೆ ಅಪರೂಪದ್ದನ್ನು ಹುಡುಕುವಾಗಲೂ ಕಣ್ಣು ಚುರುಕಾಗಿ ಇರುತ್ತದೆ. ವಿಮಾನ ನಿಲ್ದಾಣದ ಎಕ್ಸ್‌ರೇ ಪರದೆಯಲ್ಲೂ ಆಗಾಗ ಸುಳ್ಳು ಬಂದೂಕು, ಸುಳ್ಳು ಬಾಂಬಿನ ಚಿತ್ರ ತೂರಿಸುತ್ತಾರೆ.

ಗಾರ್ಬ್ಲಿಂಗ್_ಮನೆಯವಳು:
ನಮ್ಮಮ್ಮ ಚಿಕ್ಕಮಗಳೂರಿನಲ್ಲಿ ಕಾಫಿ ಹದ ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ವರ್ಷಗಟ್ಟಲೆ ಬೀಜ ಆರಿಸಿದವಳು. ಮೇಲಿನದು ಓದಿ ಹೇಳಿದೆ. "ಅದಿರಲಿ, ಮೊದಲು ಯಾವ ಬೀಜ ಅಂತ ಕೇಳು" ಅಂದಳು.

ಪಾರ್ಚ್‌ಮೆಂಟ್ ಕಾಫಿ, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಿಸಿದ್ದು, ನೀಲಿ-ಹಸಿರು. ಅದರಲ್ಲಿ ಕರಿ ಬೀಜ ಹುಡುಕಬೇಕಾಗಿಲ್ಲ, ತಾನೇ ಎದ್ದು ಬರುತ್ತದೆ. ಕಂದೂ ಕಾಣುತ್ತದೆ. ಹಣ್ಣನ್ನು ಇಡಿಯಾಗಿ ಒಣಗಿಸಿದ ಚೆರ್ರಿ ಕಾಫಿ ಹಾಗಲ್ಲ. ಬೀಜದ ಮೈಯೇ ಹೊಂಬಣ್ಣ, ಕಂದು ಅದರೊಳಗೆ ಮುಚ್ಚಿಹೋಗುತ್ತದೆ. ಒಣಗಿಸಿದ್ದು ಒಂದೇ ಸಮ ಇಲ್ಲದೆ ಹತ್ತು ಬಣ್ಣ ಇದ್ದರಂತೂ ದೇವರೇ ಗತಿ. ಬೋರರ್ ತೂತು ಸೂಜಿ ಮೊನೆಯಷ್ಟು, ಅದು ಅಡಿಗೆ ಬಿದ್ದಿದ್ದರೆ ಯಾರ ಕಣ್ಣಿಗೂ ಕಾಣುವುದಿಲ್ಲ. ಬೀಜ ಒಂದರ ಮೇಲೊಂದು ಕೂರಬಾರದು, ಅಂಗೈಯಲ್ಲಿ ಹೊರಳಿಸುತ್ತಾ ತಳ್ಳಬೇಕು. ಬಲ್ಬ್ ಸಾಲದು, ಉತ್ತರದ ಕಿಟಕಿ ಬೆಳಕು ಬೇಕು. ನೀವು ಬಣ್ಣ, ತೂತು, ಚೂರು ಎಲ್ಲ ಒಂದೇ ಸಲಕ್ಕೆ ನೋಡಿ ಅನ್ನುತ್ತಿದ್ದೀರಾ? ಅಮ್ಮ ಮೊದಲು ಬಣ್ಣಕ್ಕೆ ಒಂದು ಸುತ್ತು, ಆಮೇಲೆ ತೂತಿಗೆ ಇನ್ನೊಂದು ಸುತ್ತು ಹಾಕುತ್ತಿದ್ದಳು.

ಕಣ್ಣುಮಿದುಳು:
ಅಮ್ಮನಿಗೆ ನಮಸ್ಕಾರ. ಬಣ್ಣದಂಥ ಒಂದೇ ಗುಣದಿಂದ ಬೇರೆಯಾಗಿದ್ದರೆ ಸುತ್ತ ಎಷ್ಟಿದ್ದರೂ ತಟ್ಟನೆ ಕಾಣುತ್ತದೆ ಅಂತ ಆನ್ ಟ್ರೈಸ್‌ಮನ್ 1980ರಲ್ಲಿ ಬರೆದರು. ಹುಡುಕುವುದು ಸುತ್ತಲಿನದನ್ನು ಹೋತಷ್ಟೂ, ಸುತ್ತಲಿನವು ತಮ್ಮತಮ್ಮಲ್ಲೇ ಬೇರೆಬೇರೆ ಆದಷ್ಟೂ ಕಷ್ಟ ಅಂದವರು ಡಂಕನ್ ಮತ್ತು ಹಂಫ್ರೀಸ್, 1989ರಲ್ಲಿ. ಅಮ್ಮ ಚೆರ್ರಿ ಕಾಫಿ ಬಗ್ಗೆ ಹೇಳಿದ್ದು ಇದೇ.

ಎರಡು ಸುತ್ತಿನ ಮಾತೂ ಒಳ್ಳೆಯದು. ಒಂದನ್ನು ಹುಡುಕುವಾಗ ಇನ್ನೊಂದು ಕಣ್ಣೆದುರೇ ಇದ್ದರೂ ತಪ್ಪಿಹೋಗಬಹುದು. 2013ರಲ್ಲಿ ಶ್ವಾಸಕೋಶದ ಸಿಟಿ ಸ್ಕ್ಯಾನ್‌ನಲ್ಲಿ ಗೊರಿಲ್ಲಾ ಚಿತ್ರ ಸೇರಿಸಿ 24 ರೇಡಿಯಾಲಜಿಸ್ಟ್‌ಗಳಿಗೆ ತೋರಿಸಿದರು. ಅವರು ಹುಡುಕುತ್ತಿದ್ದುದು ಗಂಟುಗಳನ್ನು. 20 ಜನಕ್ಕೆ ಗೊರಿಲ್ಲಾ ಕಾಣಲಿಲ್ಲ. ಅವರಲ್ಲಿ ಹೆಚ್ಚಿನವರ ಕಣ್ಣು ಅದರ ಮೇಲೆಯೇ ಹೋಗಿತ್ತು.

ಮೂಡಿಗೆರೆ_ಅರೇಬಿಕಾ:
ನಮ್ಮದು ಪಾರ್ಚ್‌ಮೆಂಟೇ. ಉಳಿಯುವುದು ಜಾಸ್ತಿ ತೂತಿನದ್ದು ಮತ್ತು ತಿಳಿ ಕಂದಿನದ್ದು. ಕರಿ ಒಂದೋ ಎರಡೋ, ಅದೂ ಅಡಿಯಲ್ಲಿ ಸಿಕ್ಕಿಹಾಕಿಕೊಂಡದ್ದು. ಆದರೆ ಮಾರುವ ಲಾಟ್‌ಗೆ ನಾನೇ ಕೆಟ್ಟ ಬೀಜ ಬೆರೆಸುವುದಾ? ಒಂದು ಸಿಗದೆ ಹೋದರೆ ರೋಸ್ಟರ್ ನನ್ನನ್ನೇ ಹುರಿಯುತ್ತಾನೆ.

ಕಣ್ಣುಮಿದುಳು:
ಮಾರುವುದಕ್ಕೆ ಬೆರೆಸಬೇಡಿ. ಅಭ್ಯಾಸಕ್ಕೆ ಅಂತ ಬೇರೆ ತಟ್ಟೆ ಇಡಿ. ಬಟ್ಟಲಿನಿಂದಲೇ ತೂತಿನದ್ದು, ಕಂದು ಎಣಿಸಿ ಹಾಕಿ. ಬೆಳಿಗ್ಗೆ ಕೂರುವ ಮುಂಚೆ ಒಮ್ಮೆ, ಊಟ ಆದ ಮೇಲೆ ಒಮ್ಮೆ ಆರಿಸಲಿ. ಎಷ್ಟು ಹಾಕಿದ್ದೆ, ಎಷ್ಟು ಸಿಕ್ಕಿತು ಅಂತ ಅಲ್ಲೇ ಹೇಳಿ. ಗುರುತಿಗೆ ಬಣ್ಣ ಮಾತ್ರ ಹಚ್ಚಬೇಡಿ, ಆಮೇಲೆ ಅವರು ಬಣ್ಣವನ್ನೇ ಹುಡುಕುತ್ತಾರೆ.

ಗಾರ್ಬ್ಲಿಂಗ್_ಮನೆಯವಳು:
ಎಣಿಕೆ ಮೇಸ್ತ್ರಿ ಕೈಗೆ ಕೊಡಬೇಡಿ ಅಂತ ಅಮ್ಮ ಹೇಳುತ್ತಿದ್ದಾಳೆ. ತಪ್ಪಿದ್ದಕ್ಕೆ ಕೂಲಿ ಮುರಿಯುತ್ತಾರೆ ಅಂತ ಗೊತ್ತಾದರೆ ಒಳ್ಳೆ ಬೀಜವೂ ಬಟ್ಟಲಿಗೆ ಬೀಳುತ್ತದಂತೆ.