ಅಪ್‌ಡೇಟ್: ಮಗಳಿಗೆ ಗೆಳತಿ ಸಿಕ್ಕಿದ್ದಾಳೆ

ಮಾತು ಬಾರದ, ಗಾಲಿಕುರ್ಚಿಯಲ್ಲೇ ಇರುವ ನನ್ನ ಒಂಬತ್ತು ವರ್ಷದ ಮಗಳೊಂದಿಗೆ ತರಗತಿಯ ಮಕ್ಕಳು ಬೆರೆಯುವಂತೆ ಮಾಡುವುದು ಹೇಗೆಂದು ಎರಡು ತಿಂಗಳ ಹಿಂದೆ ಇಲ್ಲಿ ನಿಮ್ಮನ್ನು ಕೇಳಿದ್ದೆ. ಆಟದಲ್ಲಿ ಸಮಾನ ಅವಕಾಶ ನೀಡಬೇಕೆನ್ನುವ, ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿಯನ್ನು ತೋರಿಸಿದ ಮೇಲೆ, ಆಟದ ಹೊತ್ತಿನಲ್ಲೇ ನಡೆಯುತ್ತಿದ್ದ ಫಿಸಿಯೋಥೆರಪಿಯನ್ನು ಶಾಲೆಯವರು ಬೇರೆ ಸಮಯಕ್ಕೆ ಬದಲಾಯಿಸಿದರು.

ಶಾಲೆಯಲ್ಲಿ ಮಗಳ ಜೊತೆಗಿರುವ ಸಹಾಯಕಿ ಸದಾ ಅಂಟಿಕೊಂಡು ಕುಳಿತರೆ ಮಕ್ಕಳು ಹತ್ತಿರ ಬರಲು ಹಿಂಜರಿಯುತ್ತಾರೆ ಎಂದು ನಿಮ್ಮಲ್ಲೊಬ್ಬರು ಬರೆದದ್ದು ನಿಜವಾಯಿತು. ಆಕೆ ನಾಲ್ಕು ಹೆಜ್ಜೆ ದೂರ ಸರಿದ ಮೂರನೆಯ ದಿನವೇ ಒಬ್ಬ ಹುಡುಗಿ ತಾನಾಗಿ ಬಂದು, ಮಾತಿನ ಬದಲು ಚಿತ್ರಗಳಿಂದ ಹೇಳಲು ಬಳಸುವ ಚಿತ್ರಫಲಕವನ್ನು ಮಗಳ ಕಣ್ಣೆದುರು ಹಿಡಿದಳು. ಮಗಳು ಕಣ್ಣು ಮೇಲೆತ್ತಿದರೆ ‘ಹೌದು’ ಎಂದರ್ಥ ಎಂಬುದನ್ನು ಆ ಹುಡುಗಿಗೆ ಯಾರೂ ಕಲಿಸಿರಲಿಲ್ಲ, ನೋಡಿಯೇ ತಿಳಿದಿದ್ದಳು. ಹುಟ್ಟುಹಬ್ಬಕ್ಕೆ ಬಾ ಎಂಬ ಕರೆ ಇನ್ನೂ ಯಾರಿಂದಲೂ ಬಂದಿಲ್ಲ, ಆ ನೋವು ಇದ್ದೇ ಇದೆ. ಆದರೆ ಮಗಳು ಉತ್ತರಿಸಲು ತೆಗೆದುಕೊಳ್ಳುವ ಹತ್ತು ಹದಿನೈದು ಸೆಕೆಂಡು, ದೊಡ್ಡವರಾದ ನಾವು ತಾಳಲಾರದೆ ನಡುವೆ ಬಾಯಿ ಹಾಕುವ ಆ ಮೌನದಲ್ಲಿ, ಆ ಗೆಳತಿ ಕುರ್ಚಿಯ ಕೈ ಹಿಡಿದು ಸುಮ್ಮನೆ ಕಾಯುತ್ತಾಳೆ.