ಯಲಹಂಕ ನ್ಯೂ ಟೌನ್‌ನಿಂದ ಮಲ್ಲೇಶ್ವರಕ್ಕೆ ಸೈಕಲ್: ಯಾವ ದಾರಿ ಹಿಡಿಯಬೇಕು?

ನ್ಯೂಟೌನ್_ಸವಾರ: ನಮಸ್ಕಾರ. ಮುಂದಿನ ತಿಂಗಳಿಂದ ಮಲ್ಲೇಶ್ವರ 18ನೇ ಕ್ರಾಸ್‌ವರೆಗೆ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗಬೇಕು ಅಂತಿದ್ದೇನೆ. ಗೇರ್ ಸೈಕಲ್ ಇದೆ, ಭಾನುವಾರ ಬೆಳಗ್ಗೆ ಓಡಿಸಿ ಅಭ್ಯಾಸವೂ ಇದೆ, ಆದರೆ ಆಫೀಸ್ ಟೈಮಿನ ಟ್ರಾಫಿಕ್ ಬೇರೆಯೇ ಅಲ್ವಾ. ಮ್ಯಾಪ್ ಬಳ್ಳಾರಿ ರೋಡ್, ಹೆಬ್ಬಾಳ, ಮೇಖ್ರಿ ಸರ್ಕಲ್ ಅಂತ ತೋರಿಸುತ್ತದೆ. ಹೆಬ್ಬಾಳ ಫ್ಲೈಓವರ್ ನೆನೆಸಿಕೊಂಡರೇ ಭಯವಾಗುತ್ತದೆ. ಬೇರೆ ದಾರಿ ಇದೆಯಾ? ವಾಪಸ್ ಬರುವಾಗ ಕತ್ತಲಾಗಿರುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹೇಳಿ.

ಪೆಡಲ್_ಪ್ರಿಯ: ಹೆಬ್ಬಾಳ ಬೇಡವೇ ಬೇಡ ಸಾರ್. ಅಲ್ಲಿನ ತೊಂದರೆ ಬರೀ ಟ್ರಾಫಿಕ್ ಅಲ್ಲ. ಏರು ಹತ್ತುವಾಗ ನಮ್ಮ ವೇಗ ಇಳಿದಿರುತ್ತದೆ, ಅದೇ ಹೊತ್ತಿಗೆ ಎಡಗಡೆಯ ಲೂಪ್‌ನಿಂದ ಗಾಡಿಗಳು ಬಂದು ಸೇರುತ್ತವೆ, ಎಡಕ್ಕೆ ಅಂಟಿಕೊಂಡು ಹೋಗುತ್ತಿದ್ದ ಸೈಕಲ್ ಇದ್ದಕ್ಕಿದ್ದಂತೆ ನಡುರಸ್ತೆಯಲ್ಲಿರುತ್ತದೆ, ಎರಡೂ ಕಡೆ ಕಾರು. ನೀವು ಎಂ.ಎಸ್. ಪಾಳ್ಯ, ಗಂಗಮ್ಮ ಸರ್ಕಲ್, ಜಾಲಹಳ್ಳಿ, ಬಿಇಎಲ್ ಸರ್ಕಲ್, ಮತ್ತಿಕೆರೆ, ಟಾಟಾ ಇನ್‌ಸ್ಟಿಟ್ಯೂಟ್ ದಾರಿ ಹಿಡಿಯಿರಿ. ಏರ್‌ಫೋರ್ಸ್ ಕಾಂಪೌಂಡ್ ಪಕ್ಕದ ಭಾಗದಲ್ಲಿ ಅಡ್ಡರಸ್ತೆ ಕಡಿಮೆ, ಹಾಗಾಗಿ ಪಕ್ಕದಿಂದ ನುಗ್ಗುವ ಗಾಡಿಯೂ ಕಡಿಮೆ. ಬಿಇಎಲ್ ಸರ್ಕಲ್‌ನಲ್ಲಿ ರಿಂಗ್ ರೋಡ್ ದಾಟುವಾಗ ಮಾತ್ರ ಸಂಕೋಚ ಬೇಡ, ಸಿಗ್ನಲ್‌ನಲ್ಲಿ ಲೇನ್ ಮಧ್ಯಕ್ಕೆ ಬಂದು ನಿಲ್ಲಿ. ಮೂಲೆಯಲ್ಲಿ ನಿಂತರೆ ಎಡಕ್ಕೆ ತಿರುಗುವ ಬಸ್ಸು ನಿಮ್ಮನ್ನು ನೋಡುವುದೇ ಇಲ್ಲ.

ಕೊಡಿಗೆಹಳ್ಳಿಯವ: ಹೆಬ್ಬಾಳ ಬೇಡ ಅನ್ನೋದಕ್ಕೆ ನನ್ನದೂ ಒಂದು ಓಟು. ಆದರೆ ಎಂ.ಎಸ್. ಪಾಳ್ಯ ಬೆಳಗ್ಗೆ ಒಂಬತ್ತಕ್ಕೆ ಸುಲಭ ಅಂತ ನಾನು ಒಪ್ಪಲ್ಲ. ರಸ್ತೆ ಇಕ್ಕಟ್ಟು, ಸ್ಟಾಪಿನಲ್ಲಿ ಬಿಎಂಟಿಸಿ ಬಸ್ಸು ನಿಂತರೆ ಹಿಂದಿನ ಎಲ್ಲರೂ ನಿಲ್ಲಬೇಕು. ಏಳೂವರೆಯೊಳಗೆ ದಾಟಿಬಿಡಿ. ತಡವಾದ ದಿನ ಕೊಡಿಗೆಹಳ್ಳಿ, ಭದ್ರಪ್ಪ ಲೇಔಟ್ ಕಡೆಯಿಂದ ಬಂದು ಕುವೆಂಪು ಸರ್ಕಲ್ ಹತ್ತಿರ ರಿಂಗ್ ರೋಡ್ ದಾಟಿ ನ್ಯೂ ಬಿಇಎಲ್ ರೋಡ್ ಸೇರಬಹುದು. ತಿರುವು ಜಾಸ್ತಿ, ಹಂಪ್ ಜಾಸ್ತಿ, ಆದರೆ ಒಳರಸ್ತೆಗಳಲ್ಲಿ ಗಾಡಿಗಳೂ ನಿಧಾನವಾಗೇ ಬರುತ್ತವೆ.

ಮಳೆಗಾಲದ_ಚಕ್ರ: ಸಂಜೆ ವಿಷಯ ಯಾರೂ ಹೇಳಲಿಲ್ಲ. ಹಿಂದಿನ ಕೆಂಪು ಲೈಟು ಇಲ್ಲದೆ ಹೊರಡಲೇಬೇಡಿ, ಅದನ್ನು ಬ್ಯಾಗಿಗಲ್ಲ, ಸೀಟಿನ ಕೆಳಗಿನ ಕಂಬಿಗೆ ಕಟ್ಟಿ. ಬ್ಯಾಗ್ ವಾಲಿದರೆ ಲೈಟು ಆಕಾಶ ನೋಡುತ್ತದೆ. ರಸ್ತೆ ಅಂಚಿನ ಚರಂಡಿ ಜಾಲರಿಗಳನ್ನು ಬೆಳಕಿರುವಾಗಲೇ ಗುರುತಿಟ್ಟುಕೊಳ್ಳಿ. ಕೆಲವು ಜಾಲರಿಗಳ ಸಂದು ಚಕ್ರ ಹೋಗುವ ದಿಕ್ಕಿಗೇ ಇರುತ್ತದೆ, ತೆಳು ಟಯರ್ ಸೀದಾ ಇಳಿದು ಸಿಕ್ಕಿಕೊಳ್ಳುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತಾನೆ. ಮಳೆ ನೀರು ನಿಂತ ಕಡೆ ಅಂಚು ಬಿಟ್ಟು ಒಂದು ಮೀಟರ್ ಒಳಗೇ ಓಡಿಸಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ನಿಂತ ಆಟೋ, ಕಾರುಗಳಿಂದಲೂ ಒಂದು ಬಾಗಿಲಷ್ಟು ದೂರ ಇರಿ.

ನ್ಯೂಟೌನ್_ಸವಾರ: ಎಲ್ಲರಿಗೂ ಥ್ಯಾಂಕ್ಸ್. ಹೋಗುವಾಗ ಬೇಗ ಹೊರಟು ಜಾಲಹಳ್ಳಿ ದಾರಿ, ಬರುವಾಗ ನ್ಯೂ ಬಿಇಎಲ್ ರೋಡ್ ದಾರಿ ಅಂದುಕೊಂಡಿದ್ದೇನೆ. ಭಾನುವಾರ ಸುಮ್ನೆ ಒಂದು ರೌಂಡ್ ಹೋಗಿ ನೋಡಿದರೆ ಸಾಕಾ?

ಪೆಡಲ್_ಪ್ರಿಯ: ಭಾನುವಾರ ಬೇಡ, ರಸ್ತೆ ಖಾಲಿ ಇರುತ್ತದೆ, ಏನೂ ಗೊತ್ತಾಗಲ್ಲ. ಒಂದು ದಿನ ರಜೆ ಹಾಕಿ ಕೆಲಸದ ದಿನವೇ ಹೋಗಿ ಬನ್ನಿ. ಜೊತೆ ಬೇಕಿದ್ದರೆ ಇಲ್ಲೇ ಬರೆಯಿರಿ, ಗಂಗಮ್ಮ ಸರ್ಕಲ್‌ನಿಂದ ನಾನೂ ಬರುತ್ತೇನೆ.