ಸಾರಿನಲ್ಲಿ ಬೆರೆಸೋ ಪುಡಿ: ಮನೆಯವರ ಗುಂಪಿನಲ್ಲಿ ನಡೆದ ವಾದ

ದೊಡ್ಡಪ್ಪ (ಸಕಲೇಶಪುರ): ಫಾರ್ವರ್ಡ್ ಬಂದಿದ್ದು, ಓದಿ 👇
"ಕುಡಿತ ಬಿಡಿಸುವ ಗಿಡಮೂಲಿಕೆ ಪುಡಿ. ಬಣ್ಣ ಇಲ್ಲ, ವಾಸನೆ ಇಲ್ಲ. ಸಾರು, ಕಾಫಿ ಯಾವುದರಲ್ಲಾದರೂ ದಿನಕ್ಕೆ ಎರಡು ಚಿಟಿಕೆ ಬೆರೆಸಿ ಕೊಡಿ. ಅವರಿಗೆ ಗೊತ್ತೇ ಆಗುವುದಿಲ್ಲ. 15 ದಿನದಲ್ಲಿ ಬಾಟಲಿ ಕಂಡರೆ ವಾಕರಿಕೆ."

ದೊಡ್ಡಪ್ಪ: ಲೈನ್ ಮನೆ ಹೆಂಗಸರು ಕೇಳ್ತಿದ್ದಾರೆ. ಕಾಫಿ ಕುಯ್ಲು ಶುರುವಾದ್ರೆ ಬಟವಾಡೆ ದುಡ್ಡೆಲ್ಲ ಬಾರಿಗೇ ಹೋಗುತ್ತೆ. ತರಿಸಿಕೊಡೋಣ ಅಂತಿದ್ದೀನಿ.

ಗೀತಾ (ಹಾಸನ, ಸ್ಟಾಫ್ ನರ್ಸ್): ದಯವಿಟ್ಟು ಬೇಡ ದೊಡ್ಡಪ್ಪ. ಇಂಥ ಪೊಟ್ಟಣದೊಳಗೆ ನಿಜವಾಗಿ ಏನಿದೆ ಅಂತ ಯಾರಿಗೆ ಗೊತ್ತು? ಕುಡಿತ ಬಿಡಿಸೋಕೆ ಡಾಕ್ಟರು ಕೊಡೋ ಡೈಸಲ್ಫಿರಾಮ್ ಮಾತ್ರೆ ಅರೆದು ಸೇರಿಸಿದ್ದರೂ ನಮಗೆ ತಿಳಿಯಲ್ಲ.

ಭಾವ (ಬೇಲೂರು, ಮೆಡಿಕಲ್ ಶಾಪ್): ಡೈಸಲ್ಫಿರಾಮ್ ಏನು ವಿಷಾನಾ ಗೀತಾ? ಡಾಕ್ಟರು ಬರೆಯೋ 250 ಮಿಲಿಗ್ರಾಂ ಮಾತ್ರೆ ಅದು. ಕುಡಿದ ಆಲ್ಕೋಹಾಲ್ ಲಿವರಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಆಗುತ್ತೆ, ಆಮೇಲೆ ಅಸಿಟೇಟ್. ಈ ಮಾತ್ರೆ ಎರಡನೇ ಹಂತ ತಡೆಯುತ್ತೆ. ಅಸಿಟಾಲ್ಡಿಹೈಡ್ ಮೈಯಲ್ಲೇ ಉಳಿದು ಮುಖ ಕೆಂಪಾಗಿ, ತಲೆ ಸಿಡಿದು, ವಾಂತಿಯಾಗುತ್ತೆ. 1940ರ ದಶಕದಿಂದಲೂ ಕೊಡ್ತಾ ಬಂದಿರೋ ಔಷಧಿ. ಆಸ್ಪತ್ರೆಗೆ ಬರಲ್ಲ ಅನ್ನೋನಿಗೆ ಸಾರಿನಲ್ಲಾದರೂ ಹೊಟ್ಟೆಗೆ ಹೋದ್ರೆ ತಪ್ಪೇನು?

ಗೀತಾ: ಭಾವ, "ಮಾತ್ರೆ ನುಂಗಿದ್ದೀನಿ, ಇವತ್ತು ಕುಡಿದರೆ ಕೆಟ್ಟೆ" ಅಂತ ಅವನಿಗೆ ಗೊತ್ತಿದ್ದರೆ ತಾನೇ ಕೈ ತಡೆಯೋದು? ಕದ್ದು ಕೊಟ್ಟರೆ ಆ ಭಯವೇ ಇಲ್ಲ. ಒಂದು ನೈಂಟಿ ಹಾಕ್ತಾನೆ, 10ರಿಂದ 30 ನಿಮಿಷದಲ್ಲಿ ಎದೆ ಡವಡವ, ವಾಂತಿ. ಮಾಲು ಸರಿಯಿಲ್ಲ ಅಂದುಕೊಂಡು ಬ್ರ್ಯಾಂಡ್ ಬದಲಿಸಿ ಇನ್ನೊಂದು ಹಾಕ್ತಾನೆ. ಹಾರ್ಟ್ ಮೊದಲೇ ಸರಿಯಿಲ್ಲದವನಾದ್ರೆ ಬಿಪಿ ಕುಸಿದು ಪ್ರಾಣಕ್ಕೇ ಬರುತ್ತೆ. ಕ್ಯಾಶುವಾಲ್ಟಿಗೆ ತಂದ ಮೇಲೂ ಹೆಂಡತಿ ಹೆದರಿ ಪುಡಿ ವಿಷಯ ಬಾಯಿಬಿಡಲ್ಲ.

ರವಿ (ಚಿಕ್ಕಮಗಳೂರು, ಮನೋವೈದ್ಯ): ಔಷಧಿ ಬಗ್ಗೆ ಭಾವ ಹೇಳಿದ್ದು ಸರಿ, ಕೊಡೋ ದಾರಿ ತಪ್ಪು. ಕೊನೇ ಸಲ ಕುಡಿದು ಕನಿಷ್ಠ 12 ಗಂಟೆ ಕಳೆದಿರಬೇಕು. ಲಿವರ್ ಪರೀಕ್ಷೆ, ಇಸಿಜಿ ನೋಡಿ, ಅವನ ಒಪ್ಪಿಗೆ ತಗೊಂಡು ಶುರು ಮಾಡ್ತೀವಿ. ದಿನಾ ಬೆಳಗ್ಗೆ ಮನೆಯವರ ಕಣ್ಣೆದುರು ನುಂಗಿದರೇ ಅದರಿಂದ ಪ್ರಯೋಜನ. ನಿಲ್ಲಿಸಿದ ಮೇಲೂ ಎರಡು ವಾರದ ತನಕ ಪರಿಣಾಮ ಉಳಿದಿರಬಹುದು. ಅಷ್ಟೂ ದಿನ ಆಲ್ಕೋಹಾಲ್ ಇರೋ ಕೆಮ್ಮಿನ ಸಿರಪ್, ದಶಮೂಲಾರಿಷ್ಟ, ದ್ರಾಕ್ಷಾರಿಷ್ಟ ಯಾವುದೂ ಕೂಡದು. ಅರಿಷ್ಟ, ಆಸವಗಳಲ್ಲಿ ಹುದುಗುವಾಗಲೇ ಆಲ್ಕೋಹಾಲ್ ಹುಟ್ಟಿರುತ್ತೆ. ಭೇದಿಗೆ ಕೊಡೋ ಮೆಟ್ರೊನಿಡಜೋಲ್ ಜೊತೆಗೂ ಬೇಡ, ಬುದ್ಧಿ ಭ್ರಮಣೆ ಆಗಬಹುದು. ಏನು ತಗೊಳ್ತಿದ್ದೀನಿ ಅಂತಾನೇ ಗೊತ್ತಿಲ್ಲದವನು ಇದನ್ನೆಲ್ಲ ಹೇಗೆ ನೋಡಿಕೊಳ್ತಾನೆ?

ದೊಡ್ಡಪ್ಪ: ಆಯ್ತಪ್ಪ, ಪುಡಿ ಬೇಡ. ಅಯ್ಯಪ್ಪ ಮಾಲೆ ಹಾಕಿಸ್ತೀವಿ. 48 ದಿನ ಮುಟ್ಟಲ್ಲ, ಅಷ್ಟರಲ್ಲಿ ಚಟ ಹೋಗುತ್ತೆ.

ಗೀತಾ: ಸಂತೆ ದಿನ ಮಾತ್ರ ಕುಡಿಯೋನಿಗೆ ಸರಿ. ಬೆಳಗ್ಗೆ ಎದ್ದ ಕೂಡಲೇ ಬೇಕು ಅನ್ನೋನು ಒಮ್ಮೆಲೇ ನಿಲ್ಲಿಸಬಾರದು ದೊಡ್ಡಪ್ಪ. ವರ್ಷಗಟ್ಟಲೆ ಆಲ್ಕೋಹಾಲ್ ಮಿದುಳನ್ನ ಮಂಕು ಮಾಡಿರುತ್ತೆ, ಅದನ್ನು ಮೀರಿ ಕೆಲಸ ಮಾಡೋಕೆ ಮಿದುಳೂ ಹೊಂದಿಕೊಂಡಿರುತ್ತೆ. ತಟ್ಟನೆ ತೆಗೆದರೆ ಎಲ್ಲವೂ ಕೆರಳುತ್ತೆ. 6ರಿಂದ 24 ಗಂಟೆಯಲ್ಲಿ ನಡುಕ, ಬೆವರು, ನಿದ್ದೆ ಇಲ್ಲ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಡೆಲಿರಿಯಂ: ಜ್ವರ, ಗೋಡೆ ಮೇಲೆ ಹುಳ ಹರಿದಂತೆ ಕಾಣೋದು, ಹೊದಿಕೆ ಮೇಲೆ ಇಲ್ಲದ್ದನ್ನ ಹೆಕ್ಕೋದು. ಜನ ಗಾಳಿ ಸೋಕಿದೆ ಅಂತ ಮಂತ್ರ ಹಾಕಿಸೋಕೆ ಕರ್ಕೊಂಡು ಹೋಗ್ತಾರೆ. ಅದು ಸಾಯೋ ಕಾಯಿಲೆ. ಬೆಳಗ್ಗೆ ಕುಡಿಯೋ ಮೊದಲು ಎರಡೂ ಕೈ ಚಾಚಿಸಿ, ಬೆರಳು ಅಗಲಿಸಿ ನೋಡಿ. ನಡುಗಿದರೆ, ಕಾಫಿ ಲೋಟ ಎರಡು ಕೈಲಿ ಹಿಡಿದರೆ ಡಾಕ್ಟರಿಗೆ ತೋರಿಸದೆ ಮಾಲೆ ಹಾಕಿಸಬೇಡಿ.

ಭಾವ: ಇದನ್ನ ಒಪ್ತೀನಿ. ಯಾರು ಎಷ್ಟು ಕುಡೀತಾರೆ ಅಂತ ತಿಳಿಯೋಕೆ ಅಳತೆನೂ ಹೇಳಿಬಿಡ್ತೀನಿ ಮಾವ. 30 ಮಿಲಿ ವಿಸ್ಕಿ ಅಂದ್ರೆ ಸುಮಾರು 10 ಗ್ರಾಂ ಆಲ್ಕೋಹಾಲ್. ಕ್ವಾರ್ಟರ್, ಅಂದ್ರೆ 180 ಮಿಲಿ, 60 ಗ್ರಾಂ. "ಬಿಯರ್ ತಾನೇ" ಅಂತಾರಲ್ಲ, 8 ಪರ್ಸೆಂಟಿನ ಸ್ಟ್ರಾಂಗ್ ಬಿಯರ್ 650 ಮಿಲಿ ಬಾಟಲಿಯಲ್ಲಿ 40 ಗ್ರಾಂ ಇರುತ್ತೆ. ಒಂದು ನೈಂಟಿಗಿಂತ ಜಾಸ್ತಿ. ಆದ್ರೆ ನಡುಕಕ್ಕೆ ಒಂದು ಗ್ಲೂಕೋಸ್ ಬಾಟಲಿ ಏರಿಸಿದ್ರೆ ಸುಧಾರಿಸ್ತಾರಲ್ಲ?

ರವಿ: ಬರೀ ಗ್ಲೂಕೋಸ್ ಏರಿಸಲೇಬಾರದು ಭಾವ! ಊಟ ಬಿಟ್ಟು ಕುಡಿದವರ ಮೈಯಲ್ಲಿ ಥಯಮಿನ್, ಅಂದ್ರೆ ಬಿ1, ಬರಿದಾಗಿರುತ್ತೆ. ಗ್ಲೂಕೋಸ್ ಕರಗಿಸೋಕೆ ಥಯಮಿನ್ ಬೇಕು. ಉಳಿದಿದ್ದ ಚೂರೂ ಖರ್ಚಾದರೆ ಮಿದುಳಿಗೆ ಪೆಟ್ಟು: ಕಣ್ಣುಗುಡ್ಡೆ ಓಲಾಡುತ್ತೆ, ನಡಿಗೆ ತೂರಾಡುತ್ತೆ, ಗೊಂದಲ. ನೋಡಿದವರು ಕುಡಿದಿದ್ದಾನೆ ಅಂದುಕೊಳ್ತಾರೆ. ತಡವಾದ್ರೆ ನೆನಪಿನ ಶಕ್ತಿ ಹೋಗಿದ್ದು ವಾಪಸ್ ಬರದೇ ಇರಬಹುದು. ಥಯಮಿನ್ ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ. ನಡುಕಕ್ಕೆ ಲೊರಾಜೆಪಾಮ್, ಡಯಾಜೆಪಾಮ್ ಥರದ್ದು ಕೊಟ್ಟು ಸಾಮಾನ್ಯವಾಗಿ ಒಂದು ವಾರದಲ್ಲಿ ಇಳಿಸ್ತಾ ನಿಲ್ಲಿಸ್ತೀವಿ. ಅದನ್ನ ಚೀಟಿ ಇಲ್ಲದೆ ಯಾರಿಗೂ ಕೊಡಬೇಡಿ, ಅದಕ್ಕೂ ಚಟ ಹತ್ತುತ್ತೆ.

ದೊಡ್ಡಪ್ಪ: ಎಲ್ಲ ಸರಿ ಕಣೋ. ಅವನು ಬರಲ್ಲ ಅಂದ್ರೆ? ಹೊಡೆತ ತಿನ್ನೋಳಿಗೆ ಇಸಿಜಿ, ಒಪ್ಪಿಗೆ ಅಂತ ಹೇಳ್ಕೊಂಡು ಕೂತ್ರೆ ಆಗುತ್ತಾ?

ರವಿ: ಆ ಕಷ್ಟ ನಿಜ ದೊಡ್ಡಪ್ಪ. ಅವನು ಬರದಿದ್ರೂ ಅವಳು ಮೊದಲು ಬರಲಿ. 14416ಕ್ಕೆ ಫೋನ್ ಮಾಡಿದ್ರೂ ಆಯ್ತು, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ. ಅವನ ಹತ್ರ ಮಾತು ತೆಗೆಯೋದು ಕುಡಿಯದ ಹೊತ್ತಲ್ಲಿ. ಚಟದ ಸುದ್ದಿ ಬೇಡ, ಹೊಟ್ಟೆನೋವು, ನಿದ್ದೆಗೇಡು ಅಂತ ಕರೆದರೆ ಸುಮಾರು ಜನ ಬರ್ತಾರೆ. ಬಂದ್ರೆ ಡೈಸಲ್ಫಿರಾಮ್ ಒಂದೇ ದಾರಿ ಅಂತಿಲ್ಲ. ಕುಡಿಯೋ ಆಸೆ ತಗ್ಗಿಸೋಕೆ ನಾಲ್ಟ್ರೆಕ್ಸೋನ್ ಇದೆ, ಟ್ರಮಡಾಲ್ ಥರ ನೋವಿನ ಮಾತ್ರೆ ತಗೊಳ್ಳೋರಿಗೆ ಮಾತ್ರ ಆಗಲ್ಲ. ಅಕಾಂಪ್ರೊಸೇಟ್ ಇದೆ, ಅದಕ್ಕೆ ಕಿಡ್ನಿ ಚೆನ್ನಾಗಿರಬೇಕು. ಹೊಡೆತ ಬೇರೆ ವಿಷಯ. ಅದಕ್ಕೆ ಅವನು ಕುಡಿತ ಬಿಡೋ ತನಕ ಕಾಯಬೇಕಿಲ್ಲ, 112 ಒತ್ತಲಿ.

ದೊಡ್ಡಪ್ಪ: ಪಕ್ಕದ ತೋಟದಲ್ಲಿ ಒಬ್ಬಳು ಆಗಲೇ ಈ ಪುಡಿ ಹಾಕ್ತಿದ್ದಾಳಂತೆ. ಅವಳಿಗೆ ಏನು ಹೇಳಲಿ?

ರವಿ: ಇವತ್ತೇ ನಿಲ್ಲಿಸೋಕೆ ಹೇಳಿ. ಗಂಡನಿಗೂ ವಿಷಯ ತಿಳಿಸಬೇಕು, ಒಬ್ಬಳೇ ಹೇಳೋದು ಬೇಡ, ಹಿರಿಯರು ಜೊತೆಗಿರಲಿ. ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದರೆ ಕುಡಿಯುವಂತಿಲ್ಲ. ದಿನಾ ಕುಡಿಯೋನಾದ್ರೆ ಕುಡಿತ ನಿಲ್ಲಿಸಿದ ಕೂಡಲೇ ಫಿಟ್ಸ್ ಭಯ. ಎರಡೂ ಕಡೆ ಅಪಾಯ ಇರೋದ್ರಿಂದ ಮನೆಯಲ್ಲಿ ನೋಡೋಣ ಅನ್ನೋ ಹಾಗಿಲ್ಲ, ನೇರ ಆಸ್ಪತ್ರೆಗೆ. ಎದೆನೋವು, ಉಸಿರಾಟಕ್ಕೆ ಕಷ್ಟ, ಫಿಟ್ಸ್ ಅಂದ್ರೆ 108. ಪೊಟ್ಟಣ ಎಸೆಯದೆ ತರಲಿ, ಎಷ್ಟು ದಿನದಿಂದ ಎಷ್ಟು ಹಾಕಿದ್ದಾಳೆ ಅಂತ ಮುಚ್ಚಿಡದೆ ಹೇಳಲಿ.

ದೊಡ್ಡಪ್ಪ: ಈಗಲೇ ಹೋಗಿ ಹೇಳ್ತೀನಿ. ಜೀಪ್ ಕಳಿಸ್ತೀನಿ.

ಗೀತಾ: ಹಾಸನಕ್ಕೇ ಕಳಿಸಿ ದೊಡ್ಡಪ್ಪ. ದಾರೀಲಿ ಕುಡಿಯೋಕೆ ಬಿಡಬೇಡಿ, ಫಿಟ್ಸ್ ಬಂದ್ರೆ ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ. ಜೀಪಲ್ಲಿ ಡ್ರೈವರ್ ಬಿಟ್ಟು ಇನ್ನಿಬ್ಬರು ಇರಲಿ.